ಫೋಟೋ ಜೋಡಿಸೋ ಸ್ಕ್ರಿಪ್ಟ್: ಹುಡುಕುವ ಭಾಗ ಒಂದು ಹಂತಕ್ಕೆ ಬಂತು

ಹಳೇ ಹಾರ್ಡ್‌ಡಿಸ್ಕಿನ ಫೋಟೋಗಳನ್ನು ವರ್ಷವಾರು ಜೋಡಿಸುವ ಪೈಥಾನ್ ಸ್ಕ್ರಿಪ್ಟ್ ಇದೆಯಲ್ಲ, ಅದರ ಹುಡುಕುವ ಭಾಗ ಈಗ ನೆಟ್ಟಗೆ ಓಡುತ್ತಿದೆ. ಕೆಲಸ ಇಷ್ಟೇ: ಒಂದು ಫೋಲ್ಡರ್ ಕೊಟ್ಟರೆ, ಅದರೊಳಗೆ ಎಷ್ಟೇ ಆಳದಲ್ಲಿರಲಿ, ‘ಐಎಂಜಿ_*.ಜೆಪಿಜಿ’ ಥರದ ಹೆಸರಿನ ಫೈಲುಗಳನ್ನೆಲ್ಲ ಹೆಕ್ಕಿ ಕೊಡಬೇಕು.

ಮೊದಲು ಪೈಥಾನಿನ ಪಾತ್‌ಲಿಬ್ ಮಾಡ್ಯೂಲಿನ ಆರ್‌ಗ್ಲಾಬ್ (ಪ್ಯಾಟರ್ನಿಗೆ ಹೊಂದುವ ಹೆಸರುಗಳನ್ನು ಒಳಫೋಲ್ಡರುಗಳಲ್ಲೂ ಹುಡುಕುವ ಫಂಕ್ಷನ್) ಹಾಕಿದ್ದೆ. ಒಂದೇ ಸಾಲು, ಓದೋಕೂ ಚೆಂದ. ಗ್ಲಾಬ್ ಮಾಡ್ಯೂಲಿನಲ್ಲೂ ಪೈಥಾನ್ 3.5ರಿಂದ ಎರಡು ನಕ್ಷತ್ರ (**) ಬರೆದು ರಿಕರ್ಸಿವ್ (ಒಳಫೋಲ್ಡರುಗಳಿಗೂ ಹೋಗು ಎನ್ನುವ ಆಯ್ಕೆ) ಅನ್ನು ಟ್ರೂ ಮಾಡಿದರೆ ಇದೇ ಕೆಲಸ ಆಗುತ್ತದೆ, ಆದರೆ ಅದು ಚುಕ್ಕಿಯಿಂದ ಶುರುವಾಗುವ (ಹಿಡನ್) ಹೆಸರುಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ, ಆರ್‌ಗ್ಲಾಬ್ ಬಿಡಲ್ಲ. ಹಾಗಾಗಿ ಥಂಬ್‌ನೇಲ್ ತುಂಬಿದ ಹಿಡನ್ ಫೋಲ್ಡರುಗಳೂ ಪಟ್ಟಿಗೆ ಬಂದವು. ಆಮೇಲೆ ಸೋಸಬಹುದು, ನಿಜ. ಆದರೆ ಬೇಡದ ಫೋಲ್ಡರಿನ ತಳದವರೆಗೂ ಹೋಗಿ, ಅಲ್ಲಿರುವುದನ್ನೆಲ್ಲ ನೋಡಿ, ಕೊನೆಗೆ ಬಿಸಾಕೋದು ಯಾಕೆ? ಟೈಮ್ ಹೋಗುತ್ತಿದ್ದದ್ದೇ ಅಲ್ಲಿ, ಹೆಸರು ಹೋಲಿಸುವುದರಲ್ಲಲ್ಲ.

ಅದಕ್ಕೇ ಓಎಸ್.ವಾಕ್‌ಗೆ (ಫೋಲ್ಡರುಗಳನ್ನು ಒಂದೊಂದಾಗಿ ಸುತ್ತಿಬರುವ ಪೈಥಾನ್ ಫಂಕ್ಷನ್) ಬದಲಾಯಿಸಿದೆ. ನಾಲ್ಕೈದು ಸಾಲು ಜಾಸ್ತಿಯಾಯಿತು, ಆದರೆ ಲಗಾಮು ನಮ್ಮ ಕೈಲಿರುತ್ತದೆ. ಅದು ಪ್ರತಿ ಫೋಲ್ಡರಿಗೂ ಮೂರು ಸಂಗತಿ ಕೊಡುತ್ತದೆ: ಆ ಫೋಲ್ಡರಿನ ದಾರಿ, ಒಳಗಿರುವ ಫೋಲ್ಡರುಗಳ ಪಟ್ಟಿ (ಕೋಡಿನಲ್ಲಿ ಇದರ ಹೆಸರು ‘ಡರ್ಸ್’), ಫೈಲುಗಳ ಪಟ್ಟಿ. ಎರಡನೇ ಪಟ್ಟಿಯಿಂದ ಯಾವ ಹೆಸರನ್ನು ತೆಗೆಯುತ್ತೀರೋ ಅದರೊಳಗೆ ಅದು ಕಾಲೇ ಇಡಲ್ಲ. ಒಂದು ವಿಷಯ ಮಾತ್ರ ನೆನಪಿರಲಿ, ‘ಡರ್ಸ್[:] = …’ ಎಂದು ಅದೇ ಪಟ್ಟಿಯನ್ನು ತಿದ್ದಬೇಕು; ಸುಮ್ನೆ ‘ಡರ್ಸ್ = …’ ಎಂದರೆ ನಿಮ್ಮ ಹತ್ತಿರ ಹೊಸ ಪಟ್ಟಿ ಇರುತ್ತದೆ, ವಾಕ್ ತನ್ನ ಹಳೇ ಪಟ್ಟಿ ಹಿಡಿದುಕೊಂಡೇ ಮುಂದೆ ಹೋಗುತ್ತದೆ. ಎರರ್ ಕೂಡ ಬರಲ್ಲ! ಟಾಪ್‌ಡೌನ್ (ಮೇಲಿನ ಫೋಲ್ಡರಿನಿಂದ ಶುರುಮಾಡು ಎನ್ನುವ ಆಯ್ಕೆ) ಅನ್ನು ಫಾಲ್ಸ್ ಮಾಡಿದರೂ ಈ ಕತ್ತರಿಸುವಿಕೆ ನಡೆಯಲ್ಲ, ಯಾಕೆಂದರೆ ಆಗ ಒಳಗಿನ ಫೋಲ್ಡರುಗಳು ಮೊದಲೇ ಮುಗಿದಿರುತ್ತವೆ.

ಹೆಸರು ಪ್ಯಾಟರ್ನಿಗೆ ಹೊಂದುತ್ತದಾ ಎಂದು ಹೋಲಿಸೋಕೆ ಪೈಥಾನಿನ ಎಫ್‌ಎನ್‌ಮ್ಯಾಚ್ ಇದೆ. ಇದು ವಿಂಡೋಸಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಎನ್ನುತ್ತದೆ, ಲಿನಕ್ಸಿನಲ್ಲಿ ಬೇರೆ ಬೇರೆ ಎನ್ನುತ್ತದೆ. ಕ್ಯಾಮೆರಾಗಳೋ ಎಕ್ಸ್‌ಟೆನ್ಷನ್ನನ್ನು ದೊಡ್ಡಕ್ಷರದಲ್ಲೇ ಬರೆಯೋದು ಜಾಸ್ತಿ, ಅಲ್ವಾ. ಹಾಗಾಗಿ ಪ್ಯಾಟರ್ನ್, ಹೆಸರು ಎರಡನ್ನೂ ಲೋವರ್ (ಚಿಕ್ಕಕ್ಷರ) ಮಾಡಿ, ಎಲ್ಲ ಕಡೆಯೂ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಎನ್ನುವ ಎಫ್‌ಎನ್‌ಮ್ಯಾಚ್‌ಕೇಸ್‌ಗೆ ಕೊಡುತ್ತಿದ್ದೇನೆ, ಎಲ್ಲ ಕಡೆ ಒಂದೇ ಫಲಿತಾಂಶ.

ಇನ್ನೊಂದು ಲಾಭವೂ ಸಿಕ್ಕಿತು. ‘[2019] ಪ್ರವಾಸ’ ಥರದ ಫೋಲ್ಡರ್ ಹೆಸರನ್ನು ಗ್ಲಾಬ್‌ನ ಪ್ಯಾಟರ್ನಿನೊಳಗೆ ಸೇರಿಸಿದರೆ ಚೌಕ ಬ್ರಾಕೆಟ್ ಅಂದರೆ ‘ಇವುಗಳಲ್ಲಿ ಯಾವುದಾದರೂ ಒಂದು ಅಕ್ಷರ’ ಅಂತ ತಿಳಿದುಕೊಂಡು ಏನೂ ಸಿಗಲಿಲ್ಲ ಅನ್ನುತ್ತದೆ, ಬ್ರಾಕೆಟ್ಟನ್ನು ಬರೀ ಅಕ್ಷರವಾಗಿ ಓದಿಸೋಕೆ ಗ್ಲಾಬ್.ಎಸ್ಕೇಪ್ ಬೇಕಾಗುತ್ತದೆ. ವಾಕ್‌ಗೆ ಅದು ಬರೀ ಹೆಸರು.

ಸಿಮ್‌ಲಿಂಕ್ (ಬೇರೆ ಕಡೆ ಇರುವ ಫೋಲ್ಡರಿಗೆ ತೋರಿಸುವ ಕೊಂಡಿ) ಫೋಲ್ಡರುಗಳೊಳಗೆ ವಾಕ್ ತಾನಾಗಿ ಹೋಗಲ್ಲ, ಅದನ್ನು ಹಾಗೇ ಬಿಟ್ಟಿದ್ದೇನೆ. ಲಿಂಕ್ ಮೇಲಿನ ಫೋಲ್ಡರಿಗೇ ತಿರುಗಿದ್ದರೆ ಸುತ್ತು ಮುಗಿಯೋದೇ ಇಲ್ಲ. ಇನ್ನು ಒಂದೇ ಫೋಟೋ ಬೇರೆ ಬೇರೆ ಹೆಸರಲ್ಲಿ ಕೂತಿರುವುದನ್ನು ಹಿಡಿಯಬೇಕು, ಮೊದಲು ಫೈಲ್ ಸೈಜ್ ಹೋಲಿಸಿ, ಸೈಜ್ ಒಂದೇ ಆದವಕ್ಕೆ ಮಾತ್ರ ಹ್ಯಾಶ್ (ಫೈಲಿನೊಳಗಿನದ್ದರಿಂದ ಲೆಕ್ಕಹಾಕಿದ ಗುರುತು) ತೆಗೆಯೋ ಯೋಚನೆ ಇದೆ.