ಪಾರ್ಕಿನ್ಸನ್ ಇರುವ ಹಿರಿಯರಿಗೆ ವಾರ್ಡಿನ ಗಡಿಯಾರ ಒಗ್ಗುವುದಿಲ್ಲ

ವಾರ್ಡಿನಲ್ಲಿ ಮಾತ್ರೆ ಹಂಚುವ ಹೊತ್ತು ಸಾಮಾನ್ಯವಾಗಿ 8, 2, 8. ಕೊಲೆಸ್ಟ್ರಾಲ್ ಮಾತ್ರೆಗೆ ಇದು ನಡೆಯುತ್ತದೆ, ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾಗೆ ನಡೆಯುವುದಿಲ್ಲ. ಅದು ಮಿದುಳು ತಲುಪುವ ಮೊದಲೇ ಒಡೆಯದಂತೆ ತಡೆಯುವ ಕಾರ್ಬಿಡೋಪಾ ಜೊತೆ ಕೊಟ್ಟರೂ ಅದರ ಪ್ರಮಾಣ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆ ಹಳೆಯದಾದವರಿಗೆ ಮುಕ್ಕಾಲು ಗಂಟೆ ತಡವಾದರೂ ಸಾಕು, ಮೈ ಬಿಗಿದು ಮಗ್ಗುಲು ತಿರುಗಲೂ ಆಗುವುದಿಲ್ಲ. ಆಗ ‘ಅಜ್ಜ ಹಟ ಮಾಡ್ತಿದ್ದಾರೆ’ ಅನ್ನುವ ಮಾತು ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಬರುತ್ತದೆ. ಹಟವಲ್ಲ, ಡೋಸ್ ತಪ್ಪಿದೆ ಅಷ್ಟೇ.

ಅಡ್ಮಿಶನ್ ದಿನವೇ ಮನೆಯವರನ್ನು ಕೇಳಿ, ಮನೆಯಲ್ಲಿ ಕೊಡುತ್ತಿದ್ದ ಗಂಟೆ-ನಿಮಿಷವನ್ನೇ ಚಾರ್ಟಿಗೆ ಬರೆಯಿರಿ. ‘ದಿನಕ್ಕೆ ನಾಲ್ಕು ಸಲ’ ಅಂತ ಬರೆದರೆ ಉಪಯೋಗವಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ಕೊಡುವುದು ಒಳ್ಳೆಯದು, ಏಕೆಂದರೆ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಇದೇ ಔಷಧದ ಜೊತೆ ಕರುಳಿನಲ್ಲಿ ಪೈಪೋಟಿಗೆ ಇಳಿಯುತ್ತದೆ. ಹಾಲಿನ ಲೋಟದ ಜೊತೆ ಮಾತ್ರೆ ನುಂಗಿಸುವ ನಮ್ಮ ಮನೆಗಳ ರೂಢಿ ಇಲ್ಲಿ ಬೇಡ. ಬರೀ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಒಂದೆರಡು ಬಿಸ್ಕತ್ತು ಸಾಕು. ಕಬ್ಬಿಣಾಂಶದ ಮಾತ್ರೆ ಇದ್ದರೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ನಾಲ್ಕು ದಿನ ಮಲಬದ್ಧತೆ ಇದ್ದರೂ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು, ಆದ್ದರಿಂದ ಚಾರ್ಟಿನಲ್ಲಿ ಮಲವಿಸರ್ಜನೆಯ ಕಾಲಂ ಖಾಲಿ ಬಿಡಬೇಡಿ.

ನುಂಗಿದರೇ ಎಂದು ಬಾಯಿ ತೆರೆಸಿ ನೋಡಿ. ಕೆನ್ನೆ ಮತ್ತು ಒಸಡಿನ ನಡುವೆ ಮಾತ್ರೆ ಉಳಿದಿರುತ್ತದೆ. ನೆಟ್ಟಗೆ ಕೂರಿಸಿ ಕೊಡಿ, ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಸಿ.ಆರ್. (ನಿಧಾನವಾಗಿ ಔಷಧ ಬಿಡುವ ಬಗೆ) ಎಂದಿರುವ ಮಾತ್ರೆಯನ್ನು ಪುಡಿ ಮಾಡಬಾರದು. ಆಪರೇಶನ್ನಿಗೆಂದು ಉಪವಾಸವಿದ್ದರೂ ಔಷಧವನ್ನು ನಾವಾಗಿಯೇ ನಿಲ್ಲಿಸುವಂತಿಲ್ಲ. ಥಟ್ಟನೆ ನಿಂತರೆ ವಿಪರೀತ ಜ್ವರ, ಬಿಗಿತ, ಗೊಂದಲ ಬಂದು ಪ್ರಾಣಕ್ಕೇ ಕುತ್ತು. ಮೊದಲೇ ಡಾಕ್ಟರಿಗೆ ಫೋನ್ ಮಾಡಿ.

ಎಬ್ಬಿಸುವ ಮುನ್ನ ಮಲಗಿದಾಗಿನ ಬಿ.ಪಿ., ಎದ್ದು ನಿಂತ ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ಬಿ.ಪಿ. ನೋಡಿ. ಮೇಲಿನ ಅಂಕಿ 20ರಷ್ಟು ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಿ, ಬಚ್ಚಲಿಗೆ ಒಬ್ಬರನ್ನೇ ಬಿಡಬೇಡಿ. ಬಾಗಿಲಲ್ಲಿ ಕಾಲು ಅಂಟಿಕೊಂಡಂತೆ ನಿಂತರೆ ಕೈ ಹಿಡಿದು ಎಳೆಯಬಾರದು, ಮೈಯ ಮೇಲ್ಭಾಗ ಮುಂದೆ ಬಂದು ಕಾಲು ಹಿಂದೆಯೇ ಉಳಿಯುತ್ತದೆ. ನಿಂತಲ್ಲೇ ಭಾರವನ್ನು ಎಡಕ್ಕೆ, ಬಲಕ್ಕೆ ಹಾಕಿಸಿ, ‘ಒಂದು, ಎರಡು’ ಎಣಿಸಿ, ನೆಲದ ಟೈಲ್ಸ್ ಗೆರೆ ದಾಟಲು ಹೇಳಿ.

ವಾಂತಿಗೆ ಕಣ್ಣು ಮುಚ್ಚಿ ಬರೆಯುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಪ್ರೊಕ್ಲೋರ್‌ಪೆರಜೀನ್, ರಾತ್ರಿ ಗಲಾಟೆಗೆ ಹ್ಯಾಲೊಪೆರಿಡಾಲ್: ಮೂರೂ ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಕಡಿಮೆಯಾಗಿರುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು ಕಾಯಿಲೆಯನ್ನು ಕೆರಳಿಸುತ್ತವೆ. ಈ ಹೆಸರುಗಳನ್ನು ಕೇಸ್ ಶೀಟಿನ ಮುಖಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡಿ. ರಾತ್ರಿ ಪಾಳಿಯ ಡಾಕ್ಟರು ಒಳಗಿನ ಹಾಳೆ ತಿರುವಿ ನೋಡುತ್ತಾರೆಂದು ನಂಬಬೇಡಿ.