ಕಾಟಾ ಚೀಟಿಯಿಂದ ಶುರುವಾದ ಇಂಟರ್ನ್‌ಶಿಪ್

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ. ಈ ಕೆಲಸಕ್ಕೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಬಿ.ಕಾಂ ಕೊನೆಯ ವರ್ಷ ಇಲ್ಲೇ ಎರಡು ತಿಂಗಳು ಇಂಟರ್ನ್ ಆಗಿದ್ದೆ. ಪರೀಕ್ಷೆ ಮುಗಿದ ಮೇಲೆ ಅವರೇ ಫೋನ್ ಮಾಡಿ ಕರೆದರು.

ಅದಕ್ಕೂ ಮೊದಲು ನಾನು ಮಾಡಿದ್ದೆಲ್ಲ ದಡ್ಡತನ. ಬೆಂಗಳೂರಿನ ಕಂಪನಿಗಳಿಗೆ ಒಂದೇ ಇಮೇಲ್ ಅನ್ನು ಐವತ್ತು ಕಡೆ ಕಳಿಸಿದೆ. ಒಂದಕ್ಕೂ ಉತ್ತರ ಇಲ್ಲ. ಆಮೇಲೆ ಯಾರೋ ಹೇಳಿದರು ಅಂತ 1,500 ರೂಪಾಯಿ ಕಟ್ಟಿ ಒಂದು ಆನ್‌ಲೈನ್ ಇಂಟರ್ನ್‌ಶಿಪ್‌ಗೆ ಸೇರಿದೆ. ಆರು ವಿಡಿಯೋ ತೋರಿಸಿ, ಬಂಗಾರದ ಬಣ್ಣದ ಅಂಚಿರುವ ಸರ್ಟಿಫಿಕೇಟ್ ಕಳಿಸಿದರು. ಕೆಲಸ ಏನು ಮಾಡಿದೆ ಅಂತ ಕೇಳಿದರೆ ಹೇಳೋದಕ್ಕೆ ಒಂದು ವಾಕ್ಯವೂ ಇರಲಿಲ್ಲ.

2022ರ ಡಿಸೆಂಬರ್‌ನಲ್ಲಿ ಗೆಳೆಯನ ಬೈಕ್ ಹತ್ತಿ ಕಪನೂರಿಗೆ ಬಂದೆ. ಆ ವರ್ಷ ನೆಟೆ ರೋಗ ಬಿದ್ದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತ್ತು. ಮೂರು ಮಿಲ್‌ಗಳಲ್ಲಿ ಒಂದೇ ಮಾತು. "ಮಾಲೇ ಇಲ್ಲ ತಮ್ಮಾ, ಇದ್ದ ಮಂದಿಗೇ ಕೆಲಸ ಇಲ್ಲ. ನಿನಗ ಏನ್ ಕೊಡ್ಲಿ?" ನಾಲ್ಕನೆಯದರಲ್ಲಿ ಲೆಕ್ಕ ನೋಡುವ ಮುನೀಮರು ಸರ್ಟಿಫಿಕೇಟ್ ಕಡೆ ನೋಡಲೂ ಇಲ್ಲ. "ಅದು ಇರಲಿ, ಏನ್ ಬರ್ತದ ಹೇಳು" ಅಂದರು. "ಟ್ಯಾಲಿ ಬರ್ತದ್ರಿ" ಅಂದೆ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಅದು. ರಬ್ಬರ್ ಬ್ಯಾಂಡ್ ಹಾಕಿದ ಕಾಟಾ ಚೀಟಿಗಳ, ಅಂದರೆ ಗಾಡಿ ತೂಕದ ಚೀಟಿಗಳ, ಕಟ್ಟೊಂದನ್ನು ಮೇಜಿನ ಮೇಲೆ ಇಟ್ಟರು. ಎರಡು ವಾರದ ಚೀಟಿಗಳು, ಎಂಟ್ರಿ ಆಗಿರಲಿಲ್ಲ. ಸಂಜೆವರೆಗೆ ಕೂತು ಎಂಟ್ರಿ ಹೊಡೆದೆ.

ಒಂದು ಚೀಟಿ ಅಂದರೆ ಏನು ಗೊತ್ತಾ? ಗಾಡಿ ತುಂಬಿದ್ದಾಗ 9,840 ಕಿಲೋ, ಖಾಲಿಯಾದಾಗ 3,610. ಉಳಿದ 6,230 ಕಿಲೋ ತೊಗರಿ ಅಂತ ನಾನು ಬರೆದೆ. ಮುನೀಮರು ನಕ್ಕರು. ಚೀಲದ ತೂಕ ಯಾರ ಅಪ್ಪ ಕಳೀತಾನೆ? ಬಾರದಾನ, ಅಂದರೆ ಖಾಲಿ ಚೀಲಗಳ ತೂಕ, ಕಳೆಯಬೇಕು. ಆಮೇಲೆ ತೇವ ನೋಡಬೇಕು. ತೇವ ಜಾಸ್ತಿ ಇದ್ದರೆ ದರವೂ ಇಳಿಯುತ್ತದೆ. ಮೂರು ವರ್ಷ ಕಾಲೇಜಿನಲ್ಲಿ ಖರೀದಿ ಖಾತೆ ಬರೆದಿದ್ದೇನೆ, ಬಾರದಾನ ಅನ್ನೋ ಪದ ಒಮ್ಮೆಯೂ ಕೇಳಿರಲಿಲ್ಲ.

ಮೂರನೇ ವಾರ ದೊಡ್ಡ ಎಡವಟ್ಟು ಮಾಡಿದೆ. ಹೈದರಾಬಾದ್‌ನ ವ್ಯಾಪಾರಿಗೆ 30 ಕಿಲೋದ ನೂರು ಚೀಲ ಬೇಳೆ, ಕಿಲೋಗೆ 110 ರೂಪಾಯಿ. 3,30,000ದ ಬಿಲ್ಲಿಗೆ 5% ಜಿಎಸ್‌ಟಿ ಸೇರಿಸಿ 16,500 ಜಾಸ್ತಿ ಹಾಕಿದೆ. 2022ರ ಜುಲೈ 18ರಿಂದ ಬಂದ ನಿಯಮದ ಪ್ರಕಾರ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ ಬೇಳೆಗೆ ತೆರಿಗೆ ಇರೋದು 25 ಕಿಲೋವರೆಗಿನ ಪ್ಯಾಕೆಟ್ಟಿಗೆ ಮಾತ್ರ. ನಾನು "ಪ್ಯಾಕ್ ಮಾಡಿದ್ದಕ್ಕೆ 5%" ಅಂತ ಅರ್ಧ ಓದಿಕೊಂಡಿದ್ದೆ. ವ್ಯಾಪಾರಿ ಫೋನಿನಲ್ಲಿ ಬೈದಿದ್ದು ಪಕ್ಕದ ಮೇಜಿನವರಿಗೂ ಕೇಳಿಸಿತು. ಮುನೀಮರು ಬೈಯಲಿಲ್ಲ. ಬಿಲ್ ಸರಿಮಾಡೋದು ಹೇಗೆ ಅಂತ ನನ್ನ ಕೈಯಿಂದಲೇ ಮಾಡಿಸಿದರು. ಆವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನದ ತಪ್ಪು ಬರೆಯುತ್ತಾ ಬಂದೆ. ಕೊನೆಗೆ ಅದನ್ನೇ ನೋಡಿ ಅನುಭವ ಪತ್ರ ಬರೆಸಿಕೊಂಡೆ: ಇಷ್ಟು ಕಾಟಾ ಚೀಟಿ, ಇಷ್ಟು ಬಿಲ್, ಬ್ಯಾಂಕ್ ಲೆಕ್ಕ ತಾಳೆ ಹಾಕಿದ್ದು, ಹೀಗೆ. "ಚೆನ್ನಾಗಿ ಕೆಲಸ ಮಾಡಿದ್ದಾನೆ" ಅನ್ನೋ ಸಾಲಿನಿಂದ ಯಾರಿಗೂ ಏನೂ ತಿಳಿಯೋದಿಲ್ಲ, ಅಲ್ವಾ?

ದುಡ್ಡಿನ ವಿಷಯ. ಮೊದಲ ತಿಂಗಳು ಚಹಾ ಮಾತ್ರ, ಎರಡನೇ ತಿಂಗಳು 3,000. ಪುಕ್ಕಟೆ ದುಡಿಸಿಕೊಳ್ಳೋದು ಸರಿ ಅಂತ ನಾನು ಹೇಳೋದಿಲ್ಲ. ಬಸ್ ಖರ್ಚನ್ನಾದರೂ ಬಾಯಿಬಿಟ್ಟು ಕೇಳಿ. ಆದರೆ ನೀವೇ ದುಡ್ಡು ಕಟ್ಟುವ ಜಾಗಕ್ಕೆ ಹೋಗಲೇಬೇಡಿ. ಇನ್ನು 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಶುರುವಾದಾಗ ತಿಂಗಳಿಗೆ 5,000, ಒಂದು ವರ್ಷ ಅಂತಿತ್ತು. ಆಗ ಅದು 21ರಿಂದ 24 ವಯಸ್ಸಿನ, ರೆಗ್ಯುಲರ್ ಕಾಲೇಜಿನಲ್ಲಿ ಓದದೇ ಇರುವವರಿಗೆ ಅಂತಿತ್ತು. ಅರ್ಜಿ ಹಾಕೋ ಮುಂಚೆ ಅರ್ಹತೆಯ ಪುಟ ಪೂರ್ತಿ ಓದಿ. ನನ್ನ ಹಾಗೆ ಅರ್ಧ ಓದಬೇಡಿ.

ಈಗ ಗೇಟಿಗೆ ಬರುವ ಹುಡುಗರು "ಯಾವ ಕೆಲಸ ಆದರೂ ಮಾಡ್ತೀವಿ ಸರ್" ಅಂತಾರೆ. ಹಾಗಂದರೆ ನಮಗೇ ಯೋಚನೆ. ಅವರಿಗೆ ಕೆಲಸ ಹುಡುಕೋದೇ ಒಂದು ಕೆಲಸ ಆಗುತ್ತದೆ. ಹೋದ ಜನವರಿಯಲ್ಲಿ ಆಳಂದ ಕಡೆಯ ಒಬ್ಬ ಹುಡುಗಿ ಬಂದು, "ನಿಮ್ಮ ಬಾಕಿ ವಸೂಲಿ ಪಟ್ಟಿ ಎಕ್ಸೆಲ್‌ನಲ್ಲಿ ಮಾಡಿ ಕೊಡ್ತೀನ್ರಿ, ಯಾರದು ಎಷ್ಟು ದಿನ ಆಯ್ತು ಅಂತ ಕಾಣಿಸ್ತದ" ಅಂದಳು. ಮರುದಿನವೇ ಕುರ್ಚಿ ಹಾಕಿಸಿದೆವು.

ಬರೋದಾದರೆ ತೊಗರಿ ಬರುವ ಡಿಸೆಂಬರ್‌ಗೆ ಸ್ವಲ್ಪ ಮುಂಚೆ ಬನ್ನಿ, ಅದೂ ಮಧ್ಯಾಹ್ನದ ಊಟ ಆದ ಮೇಲೆ. ಬೆಳಗ್ಗೆ ಎಲ್ಲರ ತಲೆ ಗಂಜ್‌ನ, ಅಂದರೆ ಕಾಳಿನ ಮಾರುಕಟ್ಟೆಯ, ದರದ ಮೇಲೆಯೇ ಇರುತ್ತದೆ. ಬಿಳಿ ಶರ್ಟ್ ಮಾತ್ರ ಹಾಕಿಕೊಂಡು ಬರಬೇಡಿ, ಹೊಟ್ಟಿನ ಧೂಳು ಹೋಗೋದಿಲ್ಲ.