ಟೀಚರ್ ಸೈಕಲ್ಲಿನಲ್ಲಿ ಬಂದರೆ ಏನು ಕಡಿಮೆ?

ಹಾಸನದ ವಿದ್ಯಾನಗರದ ಮನೆಯಿಂದ ನಾನು ಪಾಠ ಮಾಡುವ ಸರ್ಕಾರಿ ಪ್ರೌಢಶಾಲೆಗೆ ಸೈಕಲ್ ತುಳಿದುಕೊಂಡು ಹೋಗುತ್ತೇನೆ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಸೀರೆಯ ಅಂಚು ಸಿಕ್ಕಿಕೊಳ್ಳದಂತೆ ಚೈನಿಗೆ ಪೂರ್ತಿ ಕವರ್. ಏರಿನಲ್ಲಿ ತುಳಿದು ದಣಿಯುವುದಕ್ಕಿಂತ ದಾರಿಯುದ್ದಕ್ಕೂ ಉತ್ತರ ಹೇಳಿ ದಣಿಯುವುದೇ ಹೆಚ್ಚು. "ಗಾಡಿ ರಿಪೇರಿಗೆ ಬಿಟ್ಟಿದ್ದೀರಾ ಮೇಡಂ?" ಎನ್ನುತ್ತಾರೆ ಸಹೋದ್ಯೋಗಿಗಳು. ಔಷಧಿ ಅಂಗಡಿಯವರಿಗೆ ನನಗೆ ಶುಗರ್ ಇದೆಯೆಂಬ ಅನುಮಾನ. "ಯಜಮಾನರು ಒಂದು ಸ್ಕೂಟರ್ ಕೊಡಿಸಬಾರದೇನಮ್ಮ?" ಎಂದು ಎದುರುಮನೆಯ ಅಜ್ಜಿ ಮರುಗುತ್ತಾರೆ. ಇಷ್ಟಪಟ್ಟೇ ತುಳಿಯುತ್ತೇನೆ ಎಂದರೆ ಯಾರೂ ನಂಬುವುದಿಲ್ಲ.

ಹೋದ ವೈಶಾಖದಲ್ಲಿ ಒಂದು ಕಲ್ಯಾಣಮಂಟಪದ ಗೇಟಿನಲ್ಲಿ ಕಾವಲಿನವರು ನನ್ನನ್ನು ತಡೆದು, "ಅಡುಗೆಯವರು ಹಿಂದಿನಿಂದ ಹೋಗಬೇಕು" ಎಂದರು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಬೆನ್ನ ಹಿಂದೆ ಬಂದ ಕಾರಿಗೆ ಅವರೇ ನಮಸ್ಕರಿಸಿ ದಾರಿ ಬಿಟ್ಟರು. ಅಡುಗೆಯವರೆಂದು ತಿಳಿದರೆಂಬ ಬೇಸರ ನನಗಿಲ್ಲ. ಬಂದವರ ಮುಖವನ್ನೂ ನೋಡದೆ ಚಕ್ರ ನೋಡಿ ಬಾಗಿಲು ಗೊತ್ತುಮಾಡುವುದು ಮಾತ್ರ ಇನ್ನೂ ನೋಯಿಸುತ್ತದೆ.

ಇದೇ ರಾಜ್ಯ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಬಸ್ಸಿಲ್ಲದ ಹಳ್ಳಿಯ ಹುಡುಗಿಯರು ಗುಂಪುಗುಂಪಾಗಿ ಬೆಲ್ ಬಾರಿಸುತ್ತಾ ಶಾಲೆಗೆ ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊರೊನಾ ಬಂದ ವರ್ಷ ವಿತರಣೆ ನಿಂತಿತು. ಆ ಹುಡುಗಿಯರಾದರೂ ಪಿಯುಸಿಗೆ ಸೇರಿದ ಮೇಲೆ ಸೈಕಲ್ ಹತ್ತಲಿಲ್ಲ. ಓದಿ ಮೇಲೆ ಬರುವುದೆಂದರೆ ಪೆಡಲ್ ಬಿಟ್ಟು ಮೇಲೆ ಬರುವುದು ಎಂದು ನಾವೇ, ಹಿರಿಯರೇ, ಅವರಿಗೆ ಕಲಿಸಿದ್ದೇವೆ.

ಈಗ ಹತ್ತನೇ ತರಗತಿಯ ಹುಡುಗರು ಅಪ್ಪನ ಬೈಕಿನಲ್ಲಿ ಬರುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪ್ರಾಪ್ತರಿಗೆ ಗಾಡಿ ಕೊಟ್ಟವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಪೋಷಕರಿಗೆ ಇದನ್ನು ಹೇಳಿದರೆ, "ಸೈಕಲ್ಲಿನಲ್ಲಿ ಕಳಿಸಿದರೆ ನೆಂಟರು ಏನೆಂದಾರು ಮೇಡಂ?" ಎನ್ನುತ್ತಾರೆ. ಮಗನ ಜೀವಕ್ಕಿಂತ ನೆಂಟರ ಮಾತಿನ ಭಯವೇ ದೊಡ್ಡದಾಗಿರುವುದು ನನ್ನನ್ನು ದಿಗಿಲುಗೊಳಿಸುತ್ತದೆ.

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಮಾತ್ರ ನನ್ನ ಸೈಕಲ್ಲಿಗೆ ಬೆಲೆ ಬರುತ್ತದೆ. ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಕಾರುಗಳು ಕದಲದೆ ನಿಂತಾಗ, "ನಮ್ಮದನ್ನೂ ಒಂದಿಷ್ಟು ತಂದುಕೊಡಿ" ಎಂದು ತರಕಾರಿಯ ಪಟ್ಟಿ ಹಿಡಿದು ಬರುವವರು ಇದೇ ನೆರೆಯವರು.

ನಮ್ಮ ಶಾಲೆಯಲ್ಲಿ ಹೊಂಗೆ ಮರದ ನೆರಳೆಲ್ಲ ಶಿಕ್ಷಕರ ಕಾರು, ಬೈಕುಗಳಿಗೆ. ಮಕ್ಕಳ ಸೈಕಲ್ಲುಗಳು ಬಿಸಿಲಿನಲ್ಲಿ ಗೋಡೆಗೆ ಒರಗಿರುತ್ತವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಆ ನೆರಳನ್ನು ಸೈಕಲ್ಲುಗಳಿಗೆ ಬಿಟ್ಟುಕೊಡಿ ಎಂದು ಕೇಳಲಿದ್ದೇನೆ. ಅರ್ಜಿ ಬರೆದಾಗಿದೆ.